ದಾರಿಯ ಫಲಕಗಳಲ್ಲಿ ಊರ ಹೆಸರು

ಗ್ರಂಥವಿಮರ್ಶೆಗೆ ಮೀಸಲಾದ ಈ ಪುಟಗಳಲ್ಲಿ ದಾರಿಬದಿಯ ತಗಡಿನ ಬರಹವನ್ನು ವಿಮರ್ಶಿಸಹೊರಟುದಕ್ಕೆ ವಾಚಕರು ನಕ್ಕಾರು. ಆದರೆ ಪುಸ್ತಕವನ್ನು ನೂರು ಜನರು ಓದಿದರೆ ಫಲಕವನ್ನು ಸಾವಿರಾರು ಜನರು ದಿನವೂ ಓದುವರು. ಅದರ ಅಕ್ಷರದೋಷವೂ ಅಷ್ಟೇ ಬೇಗನೆ ಹರಡುವುದು.

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹಾದಿಗಳಲ್ಲಿ ಊರ ಹೆಸರುಗಳು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇರುತ್ತವೆ. ಇಂಗ್ಲಿಷ್ ಲಿಪಿಯು ನಮ್ಮ ಟಕಾರ-ತಕಾರಗಳ, ಳಕಾರ-ಲಕಾರಗಳ ಭೇದವನ್ನರಿಯದು. ಹ್ರಸ್ವದೀರ್ಘಗಳ ವಿವೇಕವೂ ಅದಕ್ಕಿಲ್ಲ. ಕಳೆದ ರಜೆಯಲ್ಲಿ ದೊಡ್ಡ ನಗರದಿಂದ ಬಂದ ಮೊಮ್ಮಗನು ಬನಹಟ್ಟಿಯ ಫಲಕದ ಇಂಗ್ಲಿಷ್ ಸಾಲನ್ನೋದಿ, "ಅಜ್ಜಾ, ಇಲ್ಲಿ ಹತ್ತಿ ಮಾರತಾರೇನು?" ಎಂದು ಕೇಳಿದನು. ನೇಕಾರರ ಊರಾದುದರಿಂದ ಪ್ರಶ್ನೆಯು ತೀರ ಅಸಂಬದ್ಧವೂ ಅಲ್ಲ! ಆದರೆ ಕನ್ನಡದ ಸಾಲಿನ ಮೇಲೆ ಅವನ ಕಣ್ಣೇ ಬೀಳಲಿಲ್ಲವೆಂಬುದು ನನಗೆ ನೋವಾದ ಸಂಗತಿ. ಬೀಳಗಿಯ ಅವಸ್ಥೆ ಇನ್ನೂ ವಿಚಿತ್ರ. ಸಿದ್ದಾಪುರ ತಾಲೂಕಿನ ಬಿಳಗಿಯೂ ನಮ್ಮ ಬೀಳಗಿಯೂ ಕನ್ನಡದಲ್ಲಿ ಬೇರೆ ಬೇರೆ, ಇಂಗ್ಲಿಷಿನಲ್ಲಿ ಒಂದೇ.

ಕನ್ನಡದ ಸಾಲಾದರೂ ನಿರ್ದುಷ್ಟವೇ? ಹತ್ತನೆಯ ಶತಮಾನದ ಕವಿಚಕ್ರವರ್ತಿ ರನ್ನನು ತನ್ನ ಹುಟ್ಟೂರನ್ನು ಜಂಬುಖಂಡಿ ಎಪ್ಪತ್ತರೊಳಗಣ ಮುದುವೊಳಲ್ ಎಂದು ಹೇಳಿಕೊಂಡಿದ್ದಾನೆ. ಒಬ್ಬನೇ ಕವಿಯ ಮಾತಿನಲ್ಲಿ ನಮ್ಮ ಎರಡು ಪಟ್ಟಣಗಳೂ ಉಳಿದಿವೆ. ಪೊಳಲ್ ಎಂದರೆ ಪಟ್ಟಣ. ಪಟ್ಟದಕಲ್ಲಿನ ಹಳೆಯ ಹೆಸರಾದ ಕಿಸುವೊಳಲಿನಲ್ಲಿಯೂ ಅದೇ ಶಬ್ದವುಂಟು. ಮುದುವೊಳಲಿನ ಅಲ್ಪಪ್ರಾಣ ದಕಾರವು ಮುಧೋಳದಲ್ಲಿ ಮಹಾಪ್ರಾಣವಾಯಿತು. 1948ರಲ್ಲಿ ವಿಲೀನವಾಗುವವರೆಗೆ ಘೋರ್ಪಡೆಯವರ ಮುಧೋಳದಲ್ಲಿಯೂ ಪಟವರ್ಧನರ ಜಮಖಂಡಿಯಲ್ಲಿಯೂ ದರಬಾರದೊಳಗೆ ಮರಾಠಿಗೆ ಪ್ರಾಬಲ್ಯವಿದ್ದಿತು. ಈ ಮಹಾಪ್ರಾಣವು ಆ ದಾರಿಯಿಂದ ಬಂದಿರಬೇಕೆಂದು ನನ್ನ ಊಹೆ. ಇದನ್ನು ಮುನಿಸಿನಿಂದ ಹೇಳುತ್ತಿಲ್ಲ. ಪಾಠಶಾಲೆಯಲ್ಲಿ ಮಹಾಪ್ರಾಣಗಳನ್ನೇ ಉರುಹೊಡೆದವನಿಗೆ ಅವುಗಳ ಮೇಲೆ ಮುನಿಸೆಲ್ಲಿಯದು?

ಹಾಗೆಂದು ಊರ ಹೆಸರನ್ನೇ ತಿದ್ದಬೇಕೆಂಬುದು ನಮ್ಮ ಮತವಲ್ಲ. ಜನರ ನಾಲಗೆಯಲ್ಲಿ ನೆಲೆಸಿದ ರೂಪವು ವ್ಯಾಕರಣಕ್ಕೆ ಮಣಿಯತಕ್ಕದ್ದಲ್ಲ. ಊರ ಬಾಗಿಲಿನಲ್ಲಿ ಮುಧೋಳದ ಕೆಳಗೆ ಮುದುವೊಳಲೆಂದೂ ಜಮಖಂಡಿಯ ಕೆಳಗೆ ಜಂಬುಖಂಡಿಯೆಂದೂ ಸಣ್ಣಕ್ಷರಗಳಲ್ಲಿ ಬರೆಯಿಸಿದರೆ ಸಾಕು. 2024ರ ತಿದ್ದುಪಡಿ ಶಾಸನವು ಅಂಗಡಿಗಳ ನಾಮಫಲಕಗಳಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕೆಂದು ವಿಧಿಸಿರುವುದು ಯೋಗ್ಯವೇ; ಆದರೆ ಕಾಗುಣಿತವನ್ನು ಅಳೆಯುವ ಕೋಲು ಅದರಲ್ಲಿಲ್ಲ.

ವೇಲ್ಸ್ ದೇಶದಲ್ಲಿ ಭಾಷಾಭಿಮಾನಿಗಳು ಇಂಗ್ಲಿಷ್ ಫಲಕಗಳಿಗೆ ಬಣ್ಣ ಬಳಿದು, ಶಿಕ್ಷೆಯನ್ನುಂಡು, ತಮ್ಮ ನುಡಿಯನ್ನು ಹಾದಿಗೆ ತಂದರು. ಅಲ್ಲಿಯ ಸ್ವಾನ್ಸಿಯಲ್ಲಿ 2008ರಲ್ಲಿ ನಡೆದುದನ್ನು ಕೇಳಿರಿ. ಭಾಷಾಂತರಕಾರನ ಕಡೆಯಿಂದ ತಾನಾಗಿ ಬಂದ, 'ಸದ್ಯ ಕಚೇರಿಯಲ್ಲಿಲ್ಲ' ಎಂಬರ್ಥದ ಮಾರುತ್ತರವನ್ನೇ ಅನುವಾದವೆಂದು ಬಗೆದು ಫಲಕದ ಮೇಲೆ ಬರೆಯಿಸಿಬಿಟ್ಟರು! ಆ ಭಾಷೆಯನ್ನು ಬಲ್ಲವನೊಬ್ಬನು ಮೊದಲು ನೋಡಿದ್ದರೆ ಸಾಕಾಗಿತ್ತು. ನಮ್ಮಲ್ಲಿಯೂ ಬಣ್ಣ ಹಚ್ಚುವ ಮುನ್ನ ಆಯಾ ಊರಿನ ಶಾಲೆಯ ಕನ್ನಡ ಪಂಡಿತರಿಗೆ ಕರಡನ್ನು ತೋರಿಸತಕ್ಕದ್ದು. ಅದಕ್ಕೆ ಟೆಂಡರಿನ ಅವಶ್ಯಕತೆಯಿಲ್ಲ.