ಕೌದಿ: ರೂಪಕವಾಗುವ ಮುನ್ನ

ಗಡಿನಾಡಿನ ಸಂಸ್ಕೃತಿಯನ್ನು ಕುರಿತ ಕನ್ನಡ ಚರ್ಚೆಗಳಲ್ಲಿ ಕೌದಿಯು ವಸ್ತುವಾಗಿ ಬರುವುದಕ್ಕಿಂತ ರೂಪಕವಾಗಿ ಬರುವುದೇ ಹೆಚ್ಚು. ಹಲವು ಬಣ್ಣ, ಹಲವು ನುಡಿ, ಒಂದೇ ಹೊದಿಕೆ ಎಂದೊಡನೆ ಸಹಬಾಳ್ವೆಯ ಚಿತ್ರ ಪೂರ್ಣಗೊಂಡಿತೆಂಬ ತೃಪ್ತಿ ಅಲ್ಲಿ ಕಾಣುತ್ತದೆ. ವಿಚಿತ್ರವೆಂದರೆ, ಬಂಧ ಸಡಿಲವಾದ ಕೃತಿಯನ್ನು ತೆಗಳಬೇಕಾದಾಗ ಅದೇ ವಿಮರ್ಶೆಯ ಬಾಯಲ್ಲಿ ಬರುವ ಮಾತು ‘ತೇಪೆ ಹಚ್ಚಿದಂತಿದೆ’ ಎಂಬುದು. ಹೊಗಳಿಕೆಗೆ ಕೌದಿ, ತೆಗಳಿಕೆಗೆ ತೇಪೆ. ತೇಪೆಯಿಲ್ಲದೆ ಕೌದಿಯಿಲ್ಲ ಎಂಬ ಸರಳ ಸಂಗತಿ ಎರಡೂ ಕಡೆ ಮರೆಯಾಗಿದೆ. ತೇಪೆಯನ್ನು ಎಲ್ಲಿ, ಯಾವ ಕ್ರಮದಲ್ಲಿ, ಏಕೆ ಇಡಲಾಯಿತು ಎಂದು ಕೇಳದಿರುವುದೇ ಈ ಮರೆವಿನ ಮೂಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳ ಕೌದಿ ನೆರೆಯ ಮರಾಠಿಯಲ್ಲಿ ಗೋಧಡಿ ಅಥವಾ ವಾಕಳ, ತೆಲುಗಿನಲ್ಲಿ ಬೊಂತ. ಈ ಕೊನೆಯ ಪದವನ್ನು ತೆಲುಗಿಗಷ್ಟೇ ಸೇರಿದ್ದೆಂದು ತಿಳಿಯುವುದು ಸುಲಭ. ಆದರೆ 12ನೆಯ ಶತಮಾನದ ಶರಣೆ, ‘ಬಿಡಾಡಿ’ ಅಂಕಿತದ ವಚನಕಾರ್ತಿ ಬೊಂತಾದೇವಿಯ ಹೆಸರಿನಲ್ಲೇ ಅದು ಕನ್ನಡದೊಳಗೆ ನೆಲೆಸಿದೆ. ಕಾಶ್ಮೀರದಿಂದ ದಿಗಂಬರೆಯಾಗಿ ಹೊರಟವಳಿಗೆ ಶಿವನು ಬೊಂತೆಯೊಂದನ್ನು ಕೊಟ್ಟನೆಂದೂ ಅದರಿಂದಲೇ ಆಕೆಗೆ ಆ ಹೆಸರು ಬಂತೆಂದೂ ಐತಿಹ್ಯ ಹೇಳುತ್ತದೆ. ಮನೆಬಳಕೆಯ ವಸ್ತುಗಳ ಹೆಸರುಗಳು ಇಂದಿನ ರಾಜ್ಯಗಳ ಗೆರೆಯನ್ನು ಅನುಸರಿಸುವುದಿಲ್ಲ.

ಕೌದಿಯ ರಚನೆಯನ್ನು ನೋಡಿದರೆ ಸಹಬಾಳ್ವೆಯ ರೂಪಕ ತುಸು ಅಲುಗಾಡುತ್ತದೆ. ಕೌದಿಯ ತಳಕ್ಕೆ ಸಾಮಾನ್ಯವಾಗಿ ಇನ್ನೂ ಗಟ್ಟಿಯಾಗಿರುವ ಇಡೀ ಸೀರೆ ಬೇಕು. ಜೀರ್ಣವಾದ ಧೋತರ, ಹರಿದ ಸೀರೆ, ಹಳೆಯ ಕುಪ್ಪಸಗಳು ಒಳಪದರಗಳಾಗಿ ಸೇರುತ್ತವೆ. ಬೆಚ್ಚಗಿರಿಸುವ ಕೆಲಸ ಅವುಗಳದ್ದು, ಕಣ್ಣಿಗೆ ಬೀಳುವ ಭಾಗ್ಯ ಅವುಗಳಿಗಿಲ್ಲ. ಮೇಲ್ಮೈಗೆ ಬಣ್ಣ ಉಳಿದಿರುವ ತುಂಡುಗಳು, ಸೆರಗು, ದಡಿ. ಸೂಜಿ ಮುಳುಗಿ ಏಳುತ್ತ ಸಾಗುವ ಸಾದಾ ಹೊಲಿಗೆಯ ಒತ್ತಾದ ಸಾಲುಗಳು ಎಲ್ಲ ಪದರಗಳನ್ನೂ ಹಿಡಿದಿಡುತ್ತವೆ. ಇಲ್ಲಿ ಸಮಾನತೆಗಿಂತ ಮೊದಲು ಒಂದು ಶ್ರೇಣಿಯಿದೆ: ಹೊರುವ ಬಟ್ಟೆ, ಅಡಗುವ ಬಟ್ಟೆ, ತೋರುವ ಬಟ್ಟೆ. ಕೆಂಪಿನ ಪಕ್ಕದಲ್ಲಿ ಕಡುನೀಲಿಯನ್ನೋ ಅರಿಸಿನವನ್ನೋ ಇಟ್ಟು ಮೇಲ್ಮೈಯನ್ನು ದಿಟ್ಟಗೊಳಿಸುವ ನಿರ್ಧಾರವೂ ಈ ಶ್ರೇಣಿಯೊಳಗೇ ನಡೆಯುತ್ತದೆ. ಬಡತನವು ಸಾಮಗ್ರಿಯನ್ನು ಮಿತಗೊಳಿಸಬಹುದು. ಜೋಡಣೆಯನ್ನು ಅದು ತಾನಾಗಿ ತೀರ್ಮಾನಿಸುವುದಿಲ್ಲ. ‘ಇದ್ದದ್ದರಲ್ಲಿ ಹೊಲಿದದ್ದು’ ಎಂಬ ಮರುಕದ ವಿವರಣೆಯು ಹೊಲಿದವಳ ಆಯ್ಕೆಯನ್ನೇ ಅಳಿಸಿಹಾಕುತ್ತದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡುಗಳ ಸಿದ್ದಿ ಮಹಿಳೆಯರ ಕವಂದಿಯಲ್ಲಿ ಈ ಆಯ್ಕೆ ಇನ್ನಷ್ಟು ನಿಚ್ಚಳವಾಗಿದೆ. ಆಫ್ರಿಕಾ ಮೂಲದ ಈ ಸಮುದಾಯದ ಚರಿತ್ರೆ ಪೋರ್ಚುಗೀಸ್ ಗೋವೆಯ ಗುಲಾಮಗಿರಿಯೊಂದಿಗೆ ಹೆಣೆದುಕೊಂಡಿದೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಕೊಂಕಣಿಯ ಜೊತೆಗೆ ಕನ್ನಡ ಅವರ ವ್ಯವಹಾರದ ನುಡಿ. ಕವಂದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನಗುಂಟ ಸುತ್ತುತ್ತ ಸುತ್ತುತ್ತ, ಕಡೆಗೆ ನಡುವನ್ನು ಮುಟ್ಟುತ್ತಾರೆ. ನಡುವಿನ ಚಿತ್ರವೊಂದನ್ನು ಮೊದಲು ನಿಶ್ಚಯಿಸಿ ಸುತ್ತಲೂ ಅಲಂಕಾರ ಬೆಳೆಸುವ ಕ್ರಮಕ್ಕೆ ಇದು ತಿರುವು ಮುರುವು. ನಡುವಿಗೆ ಎಷ್ಟು ಜಾಗ ಉಳಿಯುತ್ತದೆ, ಯಾವ ಬಣ್ಣ ಒದಗುತ್ತದೆ ಎಂಬುದನ್ನು ಅಂಚು ತೀರ್ಮಾನಿಸುತ್ತದೆ. ಮೂಲೆಗಳಲ್ಲಿ ಮಡಿಚಿ ಹೊಲಿದ ‘ಫೂಲ’ಗಳಿಲ್ಲದಿದ್ದರೆ ಕವಂದಿ ಬೆತ್ತಲೆ ಎಂಬ ಮಾತು ಅವರಲ್ಲಿದೆ. ಮುಗಿತಾಯಕ್ಕೆ ತನ್ನದೇ ಮಾನದಂಡವುಳ್ಳ ಕಲೆ ಇದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ರೂಪಕದಿಂದ ತಪ್ಪಿಸಿಕೊಂಡ ಕೌದಿಗೆ ಕಾದಿರುವ ಇನ್ನೊಂದು ಸ್ಥಳ ಸಂಗ್ರಹಾಲಯದ ಗೋಡೆ. ಬಂಗಾಳದ ಕಾಂಥಾಕ್ಕೆ ಜಸೀಮುದ್ದೀನರ 1929ರ ಕಥನಕಾವ್ಯ ‘ನಕ್ಷಿ ಕಾಂಥಾರ್ ಮಾಠ್’ ಸಾಹಿತ್ಯದ ಗೌರವವನ್ನು, ಸ್ಟೆಲ್ಲಾ ಕ್ರಾಮ್‌ರಿಶ್ ಅವರ 1939ರ ಲೇಖನ ಕಲಾಚರಿತ್ರೆಯ ಗೌರವವನ್ನು ತಂದವು. ಕಥೆ ಹೇಳುವ ಕಸೂತಿಗೆ ಓದುಗರು ಬೇಗ ಸಿಗುತ್ತಾರೆ. ಬಣ್ಣದ ಚೌಕಗಳಿಂದಷ್ಟೇ ಮಾತಾಡುವ ಕೌದಿಗೆ ಆ ಅನುಕೂಲವಿಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಊರಿನ ಕಪ್ಪು ಮಹಿಳೆಯರ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ, ಬಳಿಕ ನ್ಯೂಯಾರ್ಕಿನ ವಿಟ್ನಿಯಲ್ಲಿ ಪ್ರದರ್ಶನಗೊಂಡಾಗ ಅವುಗಳನ್ನು ಆಧುನಿಕ ಅಮೂರ್ತ ಚಿತ್ರಗಳಿಗೆ ಹೋಲಿಸಿ ಕೊಂಡಾಡಲಾಯಿತು. 2006ರಲ್ಲಿ ಅಂಚೆಚೀಟಿಗಳೂ ಬಂದವು. ಮರುವರ್ಷವೇ ಕೆಲವು ಹೊಲಿಗೆಗಾರ್ತಿಯರು ತಮ್ಮ ವಿನ್ಯಾಸಗಳ ಹಕ್ಕು ಮತ್ತು ಪಾಲಿಗಾಗಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಆ ಕೌದಿಗಳು ಹೊಲಿದವರ ಹೆಸರಿನೊಂದಿಗೆ ದಾಖಲಾಗಿದ್ದವು ಎಂಬುದನ್ನು ಮರೆಯಲಾಗದು. ‘ಜಾನಪದ ಕಲೆ, ಅನಾಮಿಕ’ ಎಂಬ ಚೀಟಿ ಅಂಟಿಸಿಕೊಂಡ ಕೌದಿಯ ಪರವಾಗಿ ಯಾರೂ ಹಕ್ಕು ಕೇಳಲಾರರು.

ಹಾಗಾದರೆ ಕೌದಿಯ ರೂಪಕವನ್ನು ಕೈಬಿಡಬೇಕೇ? ಬೇಕಾಗಿಲ್ಲ. ರೂಪಕವು ವಸ್ತುವಿನ ಪೂರ್ಣ ಭಾರವನ್ನು ಹೊರಬೇಕು, ಅಷ್ಟೇ. ಗಡಿಯ ದ್ವಿಭಾಷಿಕ ಬರವಣಿಗೆಯನ್ನು ಕೌದಿ ಎನ್ನುವವರು ಅದರ ತಳದ ಸೀರೆ ಯಾವ ಭಾಷೆಯದೆಂದು ಹೇಳಬೇಕಾಗುತ್ತದೆ. ಶಾಲೆ, ಕಚೇರಿ, ನೌಕರಿಗಳ ಭಾಷೆ ಮರಾಠಿಯೋ ಮಲಯಾಳವೋ ತಮಿಳೋ ತೆಲುಗೋ ಆಗಿ ಇಡೀ ಬಟ್ಟೆಯಂತೆ ಹಾಸಿರುವಲ್ಲಿ, ಕನ್ನಡ ಮೇಲ್ಮೈಯ ಬಣ್ಣದ ತುಂಡಾಗಿದೆಯೇ, ಬೆಚ್ಚಗಿರಿಸುತ್ತ ಕಾಣದಂತೆ ಸವೆಯುವ ಒಳಪದರವಾಗಿದೆಯೇ? ಗಡಿಯೊಳಗಿನ ಕನ್ನಡವೂ ಇದೇ ಪ್ರಶ್ನೆಗೆ ಉತ್ತರಿಸಬೇಕು: ಅದು ತಳದ ಬಟ್ಟೆಯಾಗಿರುವಲ್ಲಿ ಸಿದ್ದಿಯರ ಕೊಂಕಣಿಗೆ ಯಾವ ಪದರ ದಕ್ಕಿದೆ? ಬಣ್ಣಗಳ ಸೊಗಸನ್ನಷ್ಟೇ ನೋಡುವ ವಿಮರ್ಶೆಗೆ ಈ ಪ್ರಶ್ನೆಗಳು ಏಳುವುದಿಲ್ಲ.

ಕೌದಿಯ ವಿಮರ್ಶೆಗೆ ಮೊದಲು ಬೇಕಾದದ್ದು ದಾಖಲೆಯ ಶಿಸ್ತು: ಹೊಲಿದವರ ಒಪ್ಪಿಗೆಯೊಂದಿಗೆ ಅವರ ಹೆಸರು, ತಳಬಟ್ಟೆಯ ಮೂಲ, ಹೊಲಿಗೆ ಆರಂಭವಾದ ಮೂಲೆ, ಒಳಪದರಗಳ ವಿವರ, ಅವರವರ ನುಡಿಯಲ್ಲೇ ಪ್ರತಿ ಭಾಗದ ಹೆಸರು. ಮೇಲ್ಮೈಯ ಛಾಯಾಚಿತ್ರದಿಂದ ಇದಾವುದೂ ತಿಳಿಯದು. ಕೌದಿಯನ್ನು ಒಮ್ಮೆ ಮಗುಚಿ, ಹಿಮ್ಮೈಯ ಹೊಲಿಗೆಯ ಸಾಲುಗಳನ್ನು ಓದಬೇಕು.