ಹಿಮ್ಮಡಿಗೆ ಐದು ಮಿಲಿಮೀಟರ್

ಚೆನ್ನಾಗಿ ಪಳಗಿದ ಬಿಎಂಎಕ್ಸ್ ಸೈಕಲ್ಲಿನ ಹಿಂಚಕ್ರದ ಎರಡೂ ಬದಿಯ ಕೊಳವೆಗಳನ್ನು ನೋಡಿ. ಆಕ್ಸಲ್‌ಗಿಂತ ತುಸು ಮುಂದೆ ಬಣ್ಣ ಸವೆದು ಉಕ್ಕು ಹೊಳೆಯುತ್ತಿರುತ್ತದೆ. ಅದು ಸವಾರನ ಹಿಮ್ಮಡಿ ತಿಕ್ಕಿದ ಗುರುತು. ಹಿಂಭಾಗ ಕಿರಿದಾದ ಫ್ರೇಮ್ ಬೇಕು ಎಂಬ ಬೇಡಿಕೆ ಹುಟ್ಟುವುದೇ ಅಲ್ಲಿ.

ಲೆಕ್ಕ ಸರಳ. ಕ್ರ್ಯಾಂಕಿನ ಉದ್ದ 175 ಮಿ.ಮೀ., ಪೆಡಲ್‌ನಿಂದ ಹಿಮ್ಮಡಿಗೆ ಇನ್ನೊಂದು 130–150. ಕ್ರ್ಯಾಂಕ್ ತಿರುಗುವ ಜಾಗದಿಂದ ಹಿಂದಿನ ಆಕ್ಸಲ್‌ಗೆ ಈಗಿನ ಸ್ಟ್ರೀಟ್ ಫ್ರೇಮ್‌ಗಳಲ್ಲಿ ಇರುವುದೇ ಸುಮಾರು 13 ಇಂಚು, ಅಂದರೆ 330 ಮಿ.ಮೀ. ಹಳೆಯ ಫ್ರೇಮ್‌ಗಳಲ್ಲಿ ಇದು ಇನ್ನೂ ಉದ್ದವಿತ್ತು. ಮುಂಚಕ್ರ ಸಲೀಸಾಗಿ ಏಳಲಿ, ಸೈಕಲ್ ಗಿರಗಿರನೆ ತಿರುಗಲಿ ಎಂದು ಮೊಟಕು ಮಾಡಿದವರು ವಿನ್ಯಾಸಕಾರರೇ. ಕಾಲು ತಗುಲುತ್ತದಲ್ಲ ಎಂದು ಕಿರಿದು ಮಾಡಹೊರಟವರೂ ಅವರೇ. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಕೆಲಸ!

ಆದರೂ ಕೊಳವೆಗಳನ್ನಷ್ಟೇ ಒಳಕ್ಕೆಳೆದ ವಿನ್ಯಾಸಗಳು ನನಗೆ ಮೆಚ್ಚುಗೆಯೇ. ಹಿಂದೆ 16 ಹಲ್ಲಿನ ಫ್ರೀವೀಲ್ ಇದ್ದಾಗ ಅದನ್ನೂ ಚೈನನ್ನೂ ಬಳಸಿ ಹೋಗಲು ಕೊಳವೆ ಹೊರಗೇ ಉಬ್ಬಬೇಕಿತ್ತು. ಮುಂದಿನ–ಹಿಂದಿನ ಹಲ್ಲುಗಳ ಲೆಕ್ಕದಲ್ಲಿ 44:16ರ ಜಾಗಕ್ಕೆ 25:9 ಬಂದ ಮೇಲೆ ಹಿಂದಿನ ಹಲ್ಲುಗಾಲಿ ಪುಟ್ಟದಾಯಿತು. ಹಿಮ್ಮಡಿ ತಗುಲುವ ಜಾಗದಲ್ಲೇ ಕೊಳವೆಯನ್ನು ತೆಳ್ಳಗೆ ಮಾಡಲು ಸಾಧ್ಯವಾಯಿತು. ಇಲ್ಲಿ ಅತಿಯಾಸೆ ಸಲ್ಲದು: ಕೊಳವೆಯನ್ನು ಅದುಮಿ ಚಪ್ಪಟೆ ಮಾಡಿದಷ್ಟೂ ಅದು ಅಡ್ಡಕ್ಕೆ ಬಾಗುವುದು ಹೆಚ್ಚು. ಎತ್ತರದಿಂದ ಹಾರಿ ಓರೆಯಾಗಿ ಇಳಿಯುವ ಸೈಕಲ್ಲಿಗೆ ಅದು ಸಣ್ಣ ಮಾತಲ್ಲ.

ಕೆಲವರಿಗೆ ಇಷ್ಟು ಸಾಲದು. ಹಬ್ ಕೂರುವ 110 ಮಿ.ಮೀ. ಅಂತರವನ್ನೇ 100ಕ್ಕೆ ಇಳಿಸೋಣ ಎನ್ನುತ್ತಾರೆ. ಒಂದೊಂದು ಬದಿಗೆ ದಕ್ಕುವುದು ಐದೇ ಮಿಲಿಮೀಟರ್. ಅದಕ್ಕೆ ತೆರಬೇಕಾದ ಬೆಲೆ? ಹಿಂದಿನ ಹಲ್ಲುಗಾಲಿಯೂ ಅಷ್ಟೇ ಒಳಸರಿಯುತ್ತದೆ, ಅದರ ಜೊತೆ ಚೈನೂ. ಅಲ್ಲಿ ಆಗಲೇ 2.4 ಇಂಚಿನ ದಪ್ಪ ಟೈರ್ ಕೂತಿದೆ; ಚೈನು ರಬ್ಬರಿಗೆ ಉಜ್ಜತೊಡಗುತ್ತದೆ. ತೆಳು ಟೈರಿನ ರೇಸ್ ಸೈಕಲ್ಲಿಗೆ ಇದು ನಡೆದೀತು, ಸ್ಟ್ರೀಟ್‌ಗೆ ನಡೆಯದು. ಮೇಲಾಗಿ ಅಂಗಡಿಯಲ್ಲಿರುವ ಬಿಎಂಎಕ್ಸ್‌ನ ಹಿಂದಿನ ಹಬ್‌ಗಳು ಬಹುತೇಕ 110ರವೇ. ಮೌಂಟನ್ ಬೈಕುಗಳು 135ರಿಂದ 148ರವರೆಗೆ ಅಗಲವಾಗುತ್ತ ಹೋದಾಗಲೂ ಬಿಎಂಎಕ್ಸ್ ಕದಲದೆ ಕಾಪಾಡಿಕೊಂಡ ಅಳತೆ ಅದು. ಕೈಯಲ್ಲಿರುವ ಚಕ್ರ ಕೂರದ ಫ್ರೇಮನ್ನು ಯಾರಿಗಾಗಿ ಮಾಡುವುದು?

ಪೆಗ್ ಹಾಕಿ ಓಡಿಸುವವರಿಗಂತೂ ಈ ಚರ್ಚೆಯೇ ಬೇಡ. ಕೊಳವೆ ಎಷ್ಟೇ ಕಿರಿದಾದರೂ ಆಕ್ಸಲ್‌ನಿಂದ ನಾಲ್ಕು ಇಂಚು ಹೊರಚಾಚಿದ ಪೆಗ್ಗಿಗೆ ಹಿಮ್ಮಡಿ ತಗುಲಿಯೇ ತಗುಲುತ್ತದೆ. ಪೆಗ್ ಇಲ್ಲದವರು ಫ್ರೇಮ್ ಕೊಳ್ಳುವ ಮುನ್ನ ದಿನಾ ಹಾಕುವ ಶೂ ತೊಟ್ಟು, ಪೆಡಲನ್ನು ಹಿಂದಕ್ಕೆ ತಂದು, ಒಮ್ಮೆ ಬಗ್ಗಿ ನೋಡಿ.