ಕಾಣುವ ಪಾಠ, ಕೇಳಿಸದ ದನಿ

ಶಿವಾಜಿನಗರದ ಸರ್ಕಾರಿ ಶಾಲೆಯ ಮಗುವಿನ ಪಠ್ಯಪುಸ್ತಕದಲ್ಲಿ ಪಾಠದ ಪಕ್ಕಕ್ಕೆ ಕ್ಯೂಆರ್ ಕೋಡ್ ಇರುತ್ತದೆ. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ದೀಕ್ಷಾ ಎಂಬ ಕಲಿಕಾ ವೇದಿಕೆ ತೆರೆದುಕೊಂಡು, ಆ ಪಾಠಕ್ಕೆ ಸೇರಿಸಿಟ್ಟ ವಿಡಿಯೊ ಬರುತ್ತದೆ. ಕ್ಯಾಮೆರಾ ಕೈಕೊಟ್ಟರೆ ಕೋಡ್‌ನ ಕೆಳಗೆ ಅಚ್ಚಾಗಿರುವ ಆರು ಅಕ್ಷರಗಳನ್ನು ಟೈಪ್ ಮಾಡಿದರೂ ಆಯಿತು. 2017ರ ಸೆಪ್ಟೆಂಬರ್ 5ರಂದು ಶುರುವಾದ ಈ ವೇದಿಕೆಯ ಬುಡದಲ್ಲಿರುವ ಸನ್‌ಬರ್ಡ್ ತಂತ್ರಾಂಶ ಬೆಂಗಳೂರಿನದು. ಏಕ್‌ಸ್ಟೆಪ್ ಪ್ರತಿಷ್ಠಾನ ಅದನ್ನು ಕಟ್ಟಿ, ಯಾರು ಬೇಕಾದರೂ ಬಳಸಲೆಂದು ಮುಕ್ತವಾಗಿ ಬಿಟ್ಟಿದೆ.

ಪಾಠವನ್ನು ಮನೆ ಮುಟ್ಟಿಸುವ ಕೆಲಸದಲ್ಲಿ ದೀಕ್ಷಾ ಗೆದ್ದಿದೆ. ವಿಡಿಯೊವನ್ನು ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನೋಡಬಹುದು, ಒಂದು ಫೋನಿನಿಂದ ಇನ್ನೊಂದಕ್ಕೆ ದಾಟಿಸಲೂಬಹುದು. ಮನೆಗೆಲ್ಲ ಒಂದೇ ಫೋನು, ಅದೂ ಬೆಳಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೊರಟುಬಿಡುವ ಮನೆಗಳು ಹಲಸೂರಿನ ಗಲ್ಲಿಗಳಲ್ಲೂ ಕೆ.ಆರ್. ಪುರದ ವಠಾರಗಳಲ್ಲೂ ಕಡಿಮೆಯೇನಿಲ್ಲ. ಅಂಥ ಮನೆಗಳನ್ನು ಗಮನದಲ್ಲಿಟ್ಟು ಮಾಡಿದ ವ್ಯವಸ್ಥೆ ಇದು.

ತಕರಾರು ಇರುವುದು ಒಳಗೆ ತುಂಬಿದ ಸರಕಿನ ಬಗ್ಗೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ರಾಜ್ಯದ ಶಿಕ್ಷಣ ಇಲಾಖೆ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ಪ್ರಸಾರ ಮಾಡಿತು. ಅವೇ ಮುಂದೆ ಯೂಟ್ಯೂಬಿಗೂ ಬಂದವು. ಆ ಹೊತ್ತಿನ ತುರ್ತಿನಲ್ಲಿ ಅದು ದೊಡ್ಡ ಕೆಲಸವೇ ಸರಿ. ಆದರೆ ಟಿವಿಗೆಂದು ಚಿತ್ರೀಕರಿಸಿದ ತರಗತಿಯನ್ನು ಹಾಗೆಯೇ ಎತ್ತಿ ಆನ್‌ಲೈನಿಗೆ ಏರಿಸುವುದು ಒಂದು ರೂಢಿಯಾಗಿ ಉಳಿದುಬಿಟ್ಟಿತು. ‘ಇಲ್ಲಿ ನೋಡಿ, ಇದನ್ನು ಇದಕ್ಕೆ ಕೂಡಿಸಿ’ ಎಂದು ಹಲಗೆಗೆ ಬೆರಳಿಟ್ಟು ಹೇಳುವ ಮಾತು ಕಣ್ಣಿದ್ದವರಿಗೆ ಮಾತ್ರ ಪಾಠ. ಜೀವನ್ ಬಿಮಾ ನಗರದಲ್ಲಿ ರಾಷ್ಟ್ರೀಯ ಅಂಧರ ಸಂಸ್ಥೆಯ ರಾಜ್ಯ ಶಾಖೆ ಇದೆ. ಅಲ್ಲಿಗೆ ಬರುವ ಕಲಿಕಾರ್ಥಿಗೆ ಆ ವಾಕ್ಯದಿಂದ ದಕ್ಕುವುದೇನು? ಕಿವಿ ಕೇಳದ ಮಗುವಿಗೆ ಪರದೆಯಲ್ಲಿ ಕನ್ನಡದ ಅಡಿಬರಹ ಬೇಕು. ವಿಡಿಯೊ ಜೊತೆಗೆ ಸಣ್ಣದೊಂದು ಪಠ್ಯ ಕಡತ ಸೇರಿಸಿದರೆ ಮುಗಿಯುವ ಕೆಲಸ ಅದು. ಇವೆಲ್ಲ ಯಾರದೋ ಔದಾರ್ಯಕ್ಕೆ ಬಿಟ್ಟ ಸಂಗತಿಗಳೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಶ್ರವಣ ವಿವರಣೆ, ಸಂಜ್ಞಾ ಭಾಷೆ, ಅಡಿಬರಹಗಳನ್ನು ಹೆಸರಿಸಿಯೇ ಹೇಳುತ್ತದೆ.

ಕೇಳಿಸಿ ಕಲಿಸುವ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ದಂಡು (ಕಂಟೋನ್ಮೆಂಟ್) ಪ್ರದೇಶದ ಅಂಚಿನ ರಾಜಭವನ ರಸ್ತೆಯಲ್ಲಿರುವ ಬೆಂಗಳೂರು ಆಕಾಶವಾಣಿಯಿಂದ ಬರುತ್ತಿದ್ದ ‘ಕೇಳಿ ಕಲಿ’, ‘ಚಿನ್ನರ ಚುಕ್ಕಿ’ಗಳನ್ನು ಎಷ್ಟೋ ಶಾಲೆಗಳು ರೇಡಿಯೊ ಮುಂದೆ ಕೂತು ಕೇಳಿದ್ದವು. ಆ ಪಾಠಗಳ ಹೆಣಿಗೆಯೇ ಬೇರೆ. ಚಿನ್ನರ ಚುಕ್ಕಿಯಲ್ಲಿ ಪ್ರಶ್ನೆ ಕೇಳಿ ಮಕ್ಕಳು ಉತ್ತರ ಕೂಗಲು ಬಿಡುವು ಕೊಡುತ್ತಿದ್ದರು, ಹಾಡಿಸುತ್ತಿದ್ದರು, ಎದ್ದು ಕುಣಿಯಲು ಹೇಳುತ್ತಿದ್ದರು. ಚಿತ್ರದ ಆಸರೆ ಇಲ್ಲದ್ದರಿಂದ ಬರೆಯುವವರು ಪ್ರತಿ ವಾಕ್ಯವನ್ನೂ ಕಿವಿಗೆ ಒಪ್ಪುವಂತೆ ತೂಗಬೇಕಿತ್ತು. ವಿಡಿಯೊ ಕೈಗೆ ಬಂದ ಮೇಲೆ ಆ ಶಿಸ್ತು ಸಡಿಲಾಯಿತು. ಆನ್‌ಲೈನ್ ಪಾಠಗಳಲ್ಲಿ ಆಗಿರುವ ದೊಡ್ಡ ನಷ್ಟ ಇದೇ.

ಲೆಕ್ಕವೂ ದನಿಯ ಪರವಾಗಿಯೇ ಇದೆ. ಸೆಕೆಂಡಿಗೆ 1 ಮೆಗಾಬಿಟ್ ದರದ ಹತ್ತು ನಿಮಿಷದ ವಿಡಿಯೊ 75 ಎಂಬಿ ತಿನ್ನುತ್ತದೆ. ಅದೇ ಹತ್ತು ನಿಮಿಷದ ಮಾತನ್ನು 32 ಕಿಲೋಬಿಟ್ ದರದಲ್ಲಿ ಉಳಿಸಿದರೆ 2.4 ಎಂಬಿ. 2012ರಲ್ಲಿ ಪ್ರಮಾಣಿತವಾದ, ದನಿಯನ್ನು ಕುಗ್ಗಿಸಿಡುವ ಓಪಸ್ ವಿಧಾನದಲ್ಲಿ ಅಷ್ಟು ಸಣ್ಣ ಕಡತದಲ್ಲೂ ಮಾತು ಸ್ಪಷ್ಟವಾಗಿ ಕೇಳುತ್ತದೆ. ಕೆ.ಆರ್. ಪುರದಿಂದ ಇಂದಿರಾನಗರಕ್ಕೆ ನೇರಳೆ ಮಾರ್ಗದ ಮೆಟ್ರೊದಲ್ಲಿ ನಿಂತೇ ಹೋಗುವ ಹುಡುಗಿಗೆ ಫೋನ್ ಹಿಡಿದು ಹಲಗೆ ನೋಡುವುದು ಕಷ್ಟ. ಇಯರ್‌ಫೋನ್ ಹಾಕಿಕೊಂಡು ಇತಿಹಾಸದ ಪಾಠ ಕೇಳುವುದು ಸುಲಭ.

ಕಡತ ಏರಿಸುವವರ ಪಾಡನ್ನೂ ಇಲ್ಲಿ ನೆನೆಯಬೇಕು. ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಮೂಡಲ್ ಎಂಬ ಕಲಿಕಾ ತಂತ್ರಾಂಶ ನಡೆಯುವುದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ. ಸರ್ವರ್ ನೋಡಿಕೊಳ್ಳುವವರು ಬದಲಿಸದಿದ್ದರೆ ಪಿಎಚ್‌ಪಿ ಒಪ್ಪುವ ಕಡತದ ಗಾತ್ರ ಬರೀ 2 ಎಂಬಿ. ರಾತ್ರಿ ಕೂತು ಪಾಠ ಚಿತ್ರೀಕರಿಸಿಕೊಂಡ ಅಧ್ಯಾಪಕಿಗೆ ‘ಕಡತ ದೊಡ್ಡದಾಯಿತು’ ಎಂಬ ಉತ್ತರ ಬರುತ್ತದೆ. ಆಕೆ ಯೂಟ್ಯೂಬಿಗೆ ಹಾಕಿ ಕೊಂಡಿ ಅಂಟಿಸುತ್ತಾರೆ. ಅಲ್ಲಿಗೆ ಪಾಠದ ಅಕ್ಕಪಕ್ಕ ಜಾಹೀರಾತು, ಸಿನಿಮಾ ಹಾಡು ಎಲ್ಲ ಬಂದು ಕೂರುತ್ತವೆ. ನೆಟ್ ಇಲ್ಲದೆ ನೋಡುವ ಅನುಕೂಲವೂ ಹೋಗುತ್ತದೆ. ಸರ್ವರ್‌ಗೇ ನೇರವಾಗಿ ಏರಿಸಿದರೂ ಇನ್ನೊಂದು ತೊಡಕಿದೆ: ವಿಡಿಯೊದ ಎಂಪಿ4 ಕಡತದಲ್ಲಿ ಯಾವ ದೃಶ್ಯ ಎಲ್ಲಿದೆ ಎಂದು ಹೇಳುವ ಸೂಚಿಯೊಂದಿದ್ದು, ರೆಕಾರ್ಡಿಂಗ್ ತಂತ್ರಾಂಶಗಳು ಎಷ್ಟೋ ಸಲ ಅದನ್ನು ಕಡತದ ಕೊನೆಗೆ ಬರೆಯುತ್ತವೆ. ಅದನ್ನು ಮುಂದಕ್ಕೆ ತಾರದೆ ಏರಿಸಿದರೆ ನಿಧಾನದ ನೆಟ್‌ನಲ್ಲಿ ಪಾಠ ಶುರುವಾಗುವಷ್ಟರಲ್ಲಿ ಮಕ್ಕಳ ತಾಳ್ಮೆ ತೀರಿರುತ್ತದೆ. ಇಂಥ ವಿವರಗಳನ್ನು ಹೇಳಿಕೊಡದೆ ಶಿಕ್ಷಕರ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ದಂಡಿನ ಭಾಗಕ್ಕೆ ಇನ್ನೂ ಒಂದು ಮಾತು ಅನ್ವಯಿಸುತ್ತದೆ. ಇಲ್ಲಿನ ಮಕ್ಕಳ ಮನೆಮಾತು ಉರ್ದು, ತಮಿಳು, ತೆಲುಗು, ಕನ್ನಡ. ರಾಜ್ಯದ ಪಠ್ಯಪುಸ್ತಕಗಳು ಏಳು ಭಾಷೆಗಳಲ್ಲಿ ಅಚ್ಚಾಗುತ್ತವೆ. ಚಿತ್ರವನ್ನೂ ದನಿಯನ್ನೂ ಬೇರೆ ಬೇರೆ ಪದರಗಳಾಗಿ ಉಳಿಸಿಕೊಂಡರೆ ಹೃದಯದ ಒಂದೇ ಅನಿಮೇಶನ್‌ಗೆ ಏಳು ದನಿ ಕೂಡಿಸಬಹುದು. ಚಿತ್ರದೊಳಗೇ ಅಕ್ಷರ ಕೊರೆದು, ದನಿ ಬೆಸೆದು, ಮೂಲ ಕಡತ ಕಳೆದುಕೊಂಡರೆ ಪ್ರತಿ ಭಾಷೆಗೂ ಮೊದಲಿನಿಂದ ಶುರು ಮಾಡಬೇಕು.

ಇರುವ ಪಾಠಗಳಿಂದಲೇ ಕೆಲಸ ಆರಂಭಿಸಬಹುದು. ಸಂವೇದದ ಕನ್ನಡ ಮತ್ತು ಸಮಾಜ ವಿಜ್ಞಾನದ ತರಗತಿಗಳಲ್ಲಿ ಮಾತೇ ಹೆಚ್ಚು. ದನಿಯನ್ನಷ್ಟೇ ಬೇರ್ಪಡಿಸಿ, ಹತ್ತು ನಿಮಿಷದ ತುಂಡುಗಳಾಗಿ ಕತ್ತರಿಸಿ, ಅದೇ ಕ್ಯೂಆರ್ ಕೋಡ್‌ನಡಿ ಇಡಲು ದೊಡ್ಡ ಖರ್ಚಿಲ್ಲ. ಗಣಿತ ಮತ್ತು ವಿಜ್ಞಾನಕ್ಕೆ ಈ ದಾರಿ ಸಾಗದು. ಹಲಗೆಯ ಮೇಲೆ ಏನು ಬರೆಯಲಾಗುತ್ತಿದೆ ಎಂಬುದನ್ನು ಬಾಯಲ್ಲೂ ಹೇಳುವಂತೆ ಆ ಪಾಠಗಳನ್ನು ಹೊಸದಾಗಿ ಬರೆಯಿಸಿ, ಮತ್ತೆ ಧ್ವನಿಮುದ್ರಿಸಬೇಕಾಗುತ್ತದೆ. ಅದಕ್ಕೆ ರೇಡಿಯೊ ಪಾಠ ಬರೆದು ಪಳಗಿದ ಶಿಕ್ಷಕರನ್ನು ಈಗಲೇ ಕರೆಯಬೇಕು.